ಬಲಗಾಲಿನ ಅಟ್ಟೆ

ಬೂಟು ರಿಪೇರಿಯವನಿಗೆ ಗಿರಾಕಿಗಳ ಮುಖ ಮರೆತರೂ ಅಟ್ಟೆ ಮರೆಯುತ್ತಿರಲಿಲ್ಲ. ಯಾರು ಹಿಮ್ಮಡಿ ಕುಟ್ಟಿಕೊಂಡು ಹೋಗುತ್ತಾರೆ, ಯಾರು ಪಾದ ಹೊರಚಾಚಿ ನಡೆಯುತ್ತಾರೆ ಎಂಬುದು ಅವನಿಗೆ ಅಟ್ಟೆ ಸವರಿದರೇ ತಿಳಿಯುತ್ತಿತ್ತು. ಅಂಥವನು ಸ್ವಂತ ಮಗಳ ಬೂಟಿನಲ್ಲಿ ಎಡವಿದ.

ಮೂರು ವಾರದ ಹಿಂದೆ ಅವಳ ಬಲಗಾಲಿನ ಬೂಟು ಮುಂತುದಿಯಲ್ಲಿ ಸವೆದಿತ್ತು. ಕಳಪೆ ಮಾಲು ಎಂದು ಮಾರಿದವನನ್ನು ಬೈದು, ಹೊಸ ಅಟ್ಟೆ ಹಾಕಿಕೊಟ್ಟ. ಇವತ್ತು ಬೆಳಿಗ್ಗೆ ನೋಡಿದರೆ, ತಾನೇ ಆರಿಸಿದ ಗಟ್ಟಿ ಅಟ್ಟೆ ಅದೇ ಜಾಗದಲ್ಲಿ ಹರಿದು ಹೋಗಿದೆ. ಎಡಗಾಲಿನದಕ್ಕೆ ಏನೂ ಆಗಿಲ್ಲ. ತಪ್ಪು ಮಾಲಿನದಲ್ಲ, ಅವಳು ಬಲಗಾಲು ಎಳೆದುಕೊಂಡು ನಡೆಯುತ್ತಿದ್ದಾಳೆ.

ಮಗಳಿಗೆ ಹುಟ್ಟಿನಿಂದ ಮಿದುಳಿನಲ್ಲಿ ನೀರು ತುಂಬುವ ಕಾಯಿಲೆ. ಆ ನೀರನ್ನು ಹೊಟ್ಟೆಗಿಳಿಸಲು ಚರ್ಮದಡಿ ಒಂದು ಕೊಳವೆ, ಕಿವಿಯ ಹಿಂದೆ ಬಟಾಣಿಯಷ್ಟು ಕವಾಟ. ಷಂಟ್ ಎನ್ನುತ್ತಾರೆ. ಅದು ಕಟ್ಟಿಕೊಂಡರೆ ನಡಿಗೆಯೂ ಕೆಡುತ್ತದೆ. ಹಾಗೆ ಕಟ್ಟಿಕೊಂಡು ಎರಡು ಸಲ ಆಪರೇಷನ್ ಆಗಿತ್ತು. ಕೊನೆಯದು ಅವಳ ಹನ್ನೊಂದನೇ ವಯಸ್ಸಿನಲ್ಲಿ. ಈಗ ಇಪ್ಪತ್ತೆಂಟು. ಇಷ್ಟೂ ವರ್ಷ "ತಲೆನೋವಾ? ವಾಂತಿ ಬರ್ತಿದೆಯಾ?" ಎಂದು ಕೇಳಿ ಕೇಳಿ ಅವಳ ಜೀವ ತಿಂದಿದ್ದ. ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕ ದಿನ ಅವಳು ಕೈಮುಗಿದಳು: "ಅಪ್ಪಾ, ಇನ್ಮೇಲೆ ಕೇಳಬೇಡ. ನನ್ನ ತಲೆ ನಾನು ನೋಡ್ಕೋತೀನಿ." ಅವನು ಮಾತು ಕೊಟ್ಟ.

ಅಡುಗೆಮನೆಯಲ್ಲಿ ಅವಳು ಆರಿದ ಕಾಫಿಯ ಮುಂದೆ, ಹಣೆಗೆ ಕೈಕೊಟ್ಟು ಕೂತಿದ್ದಳು. ಅವನು ಬೂಟನ್ನು ಮುಂದಿಟ್ಟ.

"ಏನಮ್ಮಾ, ಕಾಲಲ್ಲಿ ರಸ್ತೆ ಉಳ್ತಿದೀಯಾ?"

"ನಿನ್ನ ಕೆಲಸ ಕೆಟ್ಟಿದೆ, ಅದಕ್ಕೆ."

"ನನ್ನ ಕೆಲಸಕ್ಕೆ ಬೈಬೇಡ. ನಿಂಗೆ ಅನ್ನ ಹಾಕಿದ್ದು ಅದೇ."

ಅವಳು ನಗಲಿಲ್ಲ. ಅವನು ಎದುರಿಗೆ ಕೂತ. "ತಲೆ ಬಗ್ಗೆ ಕೇಳಲ್ಲ, ಮಾತು ಕೊಟ್ಟಿದೀನಿ. ಬೂಟು ನನ್ನ ಕಸುಬು. ಅದನ್ನಾದ್ರೂ ಕೇಳಬಹುದಲ್ವಾ?"

ಅವಳು ಲೋಟವನ್ನೇ ನೋಡುತ್ತ ಹೇಳಿದಳು: "ಏಳುವಾಗ ತಲೆ ಸಿಡಿಯುತ್ತೆ. ಮಧ್ಯಾಹ್ನದ ಹೊತ್ತಿಗೆ ಕಮ್ಮಿ. ಸಣ್ಣ ಸಣ್ಣ ಸ್ಕ್ರೂ ನೋಡಿ ಕಣ್ಣು ಸೋತಿದೆ ಅಂದ್ಕೊಂಡೆ. ನಿನ್ನೆ ವಾಂತಿನೂ ಆಯ್ತು. ಕೆಲಸ ಖಾಯಂ ಆಗೋಕೆ ಇನ್ನು ಹತ್ತೇ ದಿನ, ಅಪ್ಪಾ."

ತಲೆ ಗಟ್ಟಿಯಿದೆ ಅಂತ ಬಂಡೆಗೆ ಚಚ್ಚಿಕೊಳ್ತಾರಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

"ಆಸ್ಪತ್ರೆಗೆ ಹೋಗ್ತಿದೀವಿ ಅಂತ ನಿನ್ನ ಅಂಗಡಿಗೆ ಫೋನು ನಾನು ಮಾಡ್ಲಾ?"

"ಬೇಡ, ನಾನೇ ಮಾಡ್ತೀನಿ," ಎಂದಳು. ಬೂಟಿಗೆ ಕಾಲು ತೂರಿಸಲು ಎರಡು ಸಲ ಪ್ರಯತ್ನಿಸಿದಳು. ಅವನು ಕಿಟಕಿಯ ಕಡೆ ನೋಡಿದ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸ್ ಏನು ತೊಂದರೆ ಎಂದು ಕೇಳಿದಾಗ ಅವನ ಬಾಯಿ ತಾನಾಗಿಯೇ ತೆರೆಯಿತು. ತುಟಿ ಕಚ್ಚಿಕೊಂಡ. ಮಗಳೇ ಹೇಳಿದಳು: ಷಂಟ್ ಇದೆ, ಬೆಳಗಿನ ತಲೆನೋವು, ವಾಂತಿ, ಹೊತ್ತಲ್ಲದ ಹೊತ್ತಲ್ಲಿ ನಿದ್ದೆ. ಈ ನಿದ್ದೆಯ ವಿಷಯ ಅವನಿಗೂ ಗೊತ್ತಿರಲಿಲ್ಲ.

"ಎಷ್ಟು ದಿನದಿಂದ?"

"ನಾಲ್ಕೈದು..." ಅವಳು ತಡವರಿಸಿದಳು. "ಅಪ್ಪಾ, ನೀನೇ ಹೇಳು."

ಅವನು ಮಂಡಿಯೂರಿ, ಅವಳ ಬಲಗಾಲಿನ ಬೂಟು ಬಿಚ್ಚಿ ನರ್ಸ್ ಕೈಗೆ ಕೊಟ್ಟ. "ಮೂರು ವಾರಕ್ಕೂ ಮೇಲಾಯ್ತು, ಈ ಕಾಲು ಎಳೀತಿದೆ. ತುದಿ ಮುಟ್ಟಿ ನೋಡಿ ಸಿಸ್ಟರ್."

ಆಕೆ ಹೆಬ್ಬೆರಳಿನಿಂದ ಸವರಿ ನೋಡಿ, ತಕ್ಷಣ ಫೋನೆತ್ತಿ ಡಾಕ್ಟರನ್ನು ಕರೆದಳು. ಗಾಲಿಕುರ್ಚಿ ಬಂತು.

"ನಾನು ನಡೀತೀನಿ," ಎಂದಳು ಮಗಳು.

"ಒಂದೇ ಬೂಟಲ್ಲಿ ನಡೀತೀಯಾ? ಕೂತ್ಕೋ ತಾಯಿ," ಎಂದ ಅವನು.

ಕೂತಳು. ಕುರ್ಚಿ ಹೊರಡುವ ಮುನ್ನ, ತಲೆಯನ್ನು, ಕವಾಟವಿರುವ ಕಡೆಯನ್ನೇ, ಪಕ್ಕದಲ್ಲಿ ನಿಂತ ಅವನ ಹೊಟ್ಟೆಗೆ ಒರಗಿಸಿ ಕಣ್ಣು ಮುಚ್ಚಿದಳು.