ತೆರೆದಿಟ್ಟ ಗೇಟು

ಗುಂಪಾಗಿ ಗುಡ್ಡ ಹತ್ತುವವರಲ್ಲಿ ಕಟ್ಟಕಡೆಯವನೇ ಕಾವಲುಗಾರ. ಮೇಯುವ ಕುರಿಗಳು ಹೊರಬೀಳದಂತೆ, ಮುಂದಿನವರು ತೆರೆದು ದಾಟಿದ ಗೇಟುಗಳನ್ನು ಮುಚ್ಚುವ ಹೊಣೆ ಅವನದು. ಪ್ರತಿ ಜೂನ್ ತಿಂಗಳಲ್ಲೂ ಯಾರ್ಕ್‌ಶೈರಿನ ಬೆಟ್ಟಗಳಲ್ಲಿ ಒಂದು ವಾರ ನಡೆಯುವ ಆ ತಂಡದಲ್ಲಿ ಆಂಬ್ರೋಸ್ ಪ್ಯಾಲಿಸ್ಟರ್ ಈ ಕೆಲಸವನ್ನು ವ್ರತದಂತೆ ಪಾಲಿಸಿದ್ದನು. ಈ ಸಲ ಅವನ ಮಡದಿ ಹೆಸ್ಟರ್ ಒಬ್ಬಳೇ ಬಂದಿದ್ದಳು.

“ಎಲ್ರೀ ನಮ್ಮ ದ್ವಾರಪಾಲಕರು?” ಎಂದು ತಂಡದ ಮುಂದಾಳು ಕಟ್‌ಬರ್ಟ್ ಮೊದಲ ದಿನವೇ ಕೇಳಿದ್ದನು.

“ಮೊಣಕಾಲು ನೋವು,” ಎಂದಿದ್ದಳು ಆಕೆ.

“ಹಂಗಂತ ಹೇಳಿ ಮನೇಲಿ ಆರಾಮಾಗಿ ಮಲಗಿರ್ತಾರೆ, ಕಳ್ಳ ಮುದುಕ!” ಎಂದು ಎಲ್ಲರೂ ನಕ್ಕಿದ್ದರು.

ಆಂಬ್ರೋಸ್ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಲೋಕದಲ್ಲಿ ಇವರ ನಡುವೆಯಾದರೂ ಅವನು ಬದುಕಿರಲಿ ಎಂಬುದೇ ಆ ಸುಳ್ಳಿನ ಮೂಲ. ಆದರೆ ಅದು ಆಕೆಯನ್ನು ಗೋಡೆಯಂತೆ ಬೇರ್ಪಡಿಸಿತ್ತು. ದಿನವೂ ರಾತ್ರಿಯೂಟದಲ್ಲಿ ಮೊಣಕಾಲಿನ ಕ್ಷೇಮಸಮಾಚಾರ. ಆಕೆಯ ಕ್ಷೇಮವನ್ನು ಕೇಳಿದವರಿಲ್ಲ.

ಗಂಡನ ಸ್ಥಾನವನ್ನು ತಾನೇ ಕೇಳಿ ಪಡೆದು, ಆಕೆ ಎಲ್ಲರ ಹಿಂದೆ ನಡೆದಳು. ಅಂದು ಬಿಸಿಲು ಪ್ರಖರವಾಗಿತ್ತು. ಮೇಲಿನ ಹುಲ್ಲುಗಾವಲಿನ ಗೇಟೊಂದನ್ನು ಹುರಿಯಿಂದ ಗೋಡೆಗೆ ಬಿಗಿದು ತೆರೆದಿಡಲಾಗಿತ್ತು. ಹೆಸ್ಟರ್ ಗಂಟು ಬಿಚ್ಚಿ, ಭಕ್ತಿಯಿಂದ ಅದನ್ನು ಮುಚ್ಚಿ ಬಂದಳು.

ಕೆಳಗಿನ ಹಳ್ಳಿಯ ಚಹಾ ಅಂಗಡಿಯಲ್ಲಿ ಕುಳಿತು ಬೂಟು ಸಡಿಲಿಸುವಾಗ, ಆಂಬ್ರೋಸನ ನಿಯಮದ ಇನ್ನರ್ಧ ನೆನಪಾಯಿತು: ಮುಚ್ಚಿದ್ದರೆ ಮುಚ್ಚು, ತೆರೆದಿದ್ದರೆ ತೆರೆದೇ ಬಿಡು. ತೊರೆಯು ಗೇಟಿನ ಈಚೆಗಿತ್ತು, ಕುರಿಗಳು ಆಚೆಗೆ; ಈ ಬಿಸಿಲಿನಲ್ಲಿ ಅವಕ್ಕೆ ನೀರಿಲ್ಲ.

“ಚಹಾ ಆರೋಗುತ್ತಲ್ರೀ!” ಎಂದ ಕಟ್‌ಬರ್ಟ್. ಆಕೆ ಆಗಲೇ ಹೊರಟಿದ್ದಳು. ಜೊತೆಗೆ ಯಾರೂ ಏಳಲಿಲ್ಲ.

ಗೇಟಿನ ಬಳಿ ಕುರಿಗಳು ಒಂದರ ಮೇಲೊಂದು ಒತ್ತಿ ಅರಚುತ್ತಿದ್ದವು. ಕೆಳಗಿನ ಹೊಲದಿಂದ ಕುರಿಗಳ ಒಡತಿ ಏದುಸಿರು ಬಿಡುತ್ತ ಬಂದಳು.

“ಯಾವ ಪುಣ್ಯಾತ್ಮರ ಕೆಲಸ ಇದು?”

“ನನ್ನದೇ. ತಪ್ಪಾಯ್ತು.”

ಒಡತಿ ದಿಟ್ಟಿಸಿದಳು. “ನಿಮ್ಮ ಗುಂಪಿನಲ್ಲಿ ಎತ್ತರದವರೊಬ್ರು ಕೊನೇಲಿ ಬರೋರು, ದೂರದಿಂದಲೇ ನಂಗೆ ಕೈ ಎತ್ತೋರು. ಅವರಿದ್ದಿದ್ರೆ ಹಿಂಗಾಗ್ತಿರಲಿಲ್ಲ. ಈ ವರ್ಷ ಯಾಕೆ ಬರಲಿಲ್ಲ?”

ಮೊಣಕಾಲು ಎಂಬ ಮಾತು ನಾಲಗೆಯ ತುದಿಯವರೆಗೂ ಬಂದಿತು. ಆದರೆ ಇವಳು ಕೇಳಿದ್ದು ನಗಲಿಕ್ಕಲ್ಲ.

“ನನ್ನ ಗಂಡ ಅವರು. ಫೆಬ್ರವರಿಯಲ್ಲಿ ಹೋಗ್ಬಿಟ್ರು.”

ಬಾಯಿಬಿಟ್ಟು ಆಡಿದ ಮೇಲೆ ಅದು ನಿಜವಾಯಿತು. ಒಡತಿ ತಲೆಯ ಟೋಪಿ ತೆಗೆದಳು.

ಹೆಸ್ಟರ್ ಗೇಟು ತೆರೆದು ಹಿಡಿದಳು. ಕುರಿಗಳು ನುಗ್ಗಿ ತೊರೆಗೆ ಇಳಿದವು. ಕೊನೆಯದು ದಾಟಿದ ಮೇಲೂ, ಇನ್ನೊಬ್ಬರು ಬರಲಿಕ್ಕಿದ್ದಾರೆ ಎಂಬಂತೆ, ಆಕೆ ಹಿಡಿದೇ ನಿಂತಿದ್ದಳು.

“ಎಲ್ಲಾ ದಾಟಿದ್ವು ತಾಯಿ,” ಎಂದಳು ಒಡತಿ ಮೆಲ್ಲನೆ. “ಕಟ್ಬಿಡಿ.”

ಹೆಸ್ಟರ್ ತೆರೆದ ಗೇಟನ್ನು ಮೊದಲಿನಂತೆ ಹುರಿಯಿಂದ ಗೋಡೆಗೆ ಬಿಗಿದಳು. ಇಂದು ರಾತ್ರಿಯೂಟದಲ್ಲಿ ಕಟ್‌ಬರ್ಟ್ ಮೊಣಕಾಲಿನ ಬಗ್ಗೆ ಕೇಳಿಯೇ ಕೇಳುವನು; ತಂಡದವರಿಗೂ ನಿಜ ಹೇಳಬೇಕು. ಹಿಂದೆ ಯಾರೂ ಬರುತ್ತಿಲ್ಲವೆಂದು ಈಗ ಬಲ್ಲವಳಾಗಿ, ತಿರುಗಿ ನೋಡದೆ, ಆಕೆ ಗುಡ್ಡವನ್ನು ಇಳಿಯತೊಡಗಿದಳು.