ಮೂರೋ ಎಂಟೋ

ಮಜೀದಾ ಹತ್ತಿರದಿಂದ ಕುದುರೆ ನೋಡಿದ್ದು ಒಂದೇ ಸಲ, ಶಿವಮೊಗ್ಗದಲ್ಲಿ, ಅದೂ ಜಟಕಾಕ್ಕೆ ಕಟ್ಟಿದ್ದು. ಆದರೆ ಬೆಂಗಳೂರಿನ ರೇಸಿನಲ್ಲಿ ಓಡುವ ನೂರಾರು ಕುದುರೆಗಳ ಹೆಸರು ಅವಳಿಗೆ ಬಾಯಿಪಾಠವಾಗಿತ್ತು.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಅವಳ ಗಂಡ ಗಫೂರನ ದಿನಸಿ ಅಂಗಡಿ, ಅದಕ್ಕೆ ಅಂಟಿಕೊಂಡೇ ಮನೆ. ಅಂಗಡಿಗೆ ಬೇಕಾದ ಪೊಟ್ಟಣಗಳನ್ನು ಅವಳೇ ಹಳೇ ಪೇಪರಿನಿಂದ ಮಾಡುತ್ತಿದ್ದಳು. ಎಂಟನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಅಲ್ಲಿಯವರೆಗೂ ಲೆಕ್ಕದಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಎಪ್ಪತ್ತೊಂಬತ್ತರ ಒಂದು ಮಧ್ಯಾಹ್ನ, ಮಡಚುತ್ತಿದ್ದ ಹಾಳೆಯಲ್ಲಿ ರೇಸಿನ ಫಲಿತಾಂಶ ಕಣ್ಣಿಗೆ ಬಿತ್ತು. ಒಂದು ಕುದುರೆ ಸಾವಿರದ ಇನ್ನೂರು ಮೀಟರನ್ನು ಒಂದು ನಿಮಿಷ ಹದಿನಾಲ್ಕು ಸೆಕೆಂಡಿನಲ್ಲಿ ಓಡಿತ್ತು. ಇನ್ನೊಂದು ಸಾವಿರದ ಆರುನೂರನ್ನು ಒಂದು ನಿಮಿಷ ನಲವತ್ತರಲ್ಲಿ. ಎರಡರಲ್ಲಿ ಯಾವುದು ಜೋರು? ಆ ಪ್ರಶ್ನೆ ಅವಳನ್ನು ಹಿಡಿದದ್ದು ಬಿಡಲೇ ಇಲ್ಲ.

ರದ್ದಿಯಿಂದ ಹಾಳೆ ಹೆಕ್ಕಿ, ಒಂದೊಂದು ದೂರಕ್ಕೂ ಗೆದ್ದ ಕುದುರೆಗಳು ಸಾಮಾನ್ಯವಾಗಿ ತೆಗೆದುಕೊಳ್ಳುವ ಹೊತ್ತೆಷ್ಟು ಎಂದು ಸರಾಸರಿ ತೆಗೆದಳು. ಅದಕ್ಕೆ ನೂರು ಅಂಕ. ಸೆಕೆಂಡಿನ ಐದನೇ ಒಂದು ಪಾಲು ಬೇಗ ಓಡಿದರೆ ಒಂದು ಅಂಕ ಹೆಚ್ಚು, ತಡವಾದರೆ ಒಂದು ಕಡಿಮೆ. ಒಂದು ದಿನದ ಎಲ್ಲ ಓಟಗಳೂ ನಿಧಾನವಾಗಿದ್ದರೆ ನೆಲ ಒದ್ದೆಯಿತ್ತೆಂದು ತಿಳಿದು, ಅಷ್ಟನ್ನು ಎಲ್ಲ ಕುದುರೆಗೂ ಮರಳಿ ಕೂಡಿಸುವಳು. ಬೆನ್ನ ಮೇಲಿನ ಭಾರ ಹೆಚ್ಚಿದ್ದರೆ ಕಿಲೋಗೆ ಒಂದು ಅಂಕ ಹೆಚ್ಚು. ಎರಡು ವರ್ಷದಲ್ಲಿ ಮೂರು ನೋಟ್‌ಬುಕ್ ತುಂಬಿದವು. ಒಲೆಯ ಮೇಲೆ ಹಾಲು ಉಕ್ಕಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಹೊಸ ಪೇಪರು ಬರುವ ತನಕ ಕೂತಲ್ಲಿ ಕೂರಲಾಗದೆ ಒಳಗೂ ಹೊರಗೂ ತಿರುಗುತ್ತಿದ್ದಳು.

"ಜೂಜಿನ ಹಾಳೆಯಲ್ಲಿ ನಿಂಗೆಂತ ಕೆಲಸ?" ಎಂದು ಗಫೂರ್ ಒಮ್ಮೆ ಕೇಳಿದ್ದ.

"ನಾನೇನು ಆಡ್ತೀನಾ? ಬರೀ ಲೆಕ್ಕ" ಎಂದಿದ್ದಳು.

ಅದು ನಿಜವೇ ಆಗಿತ್ತು, ಹಿರೇಕೊಡಿಗೆಯ ವಾಸಪ್ಪ ಬರುವವರೆಗೆ. ವಾಸಪ್ಪ ಜಮೀನುದಾರ, ಅಂಗಡಿಗೆ ಹಳೇ ಗಿರಾಕಿ, ರೇಸಿನ ಹುಚ್ಚು. ತಾನು ನಂಬಿದ ಕುದುರೆ ಸೋತಿತೆಂದು ಒಂದು ದಿನ ಅಂಗಡಿಯಲ್ಲಿ ನಿಂತು ಗೊಣಗುತ್ತಿದ್ದ. ಗಫೂರ್ ಗೋದಾಮಿಗೆ ಹೋಗಿದ್ದ.

"ಅರವತ್ತು ಕಿಲೋ ಹೊತ್ತು ಓಡಿದ್ರೆ ಮತ್ತೇನಾಗುತ್ತೆ ವಾಸಪ್ಪಣ್ಣ?" ಪರದೆಯ ಹಿಂದಿನಿಂದ ಮಾತು ಜಾರಿಬಿಟ್ಟಿತ್ತು.

ಅಂದಿನಿಂದ ಗಫೂರ್ ಇಲ್ಲದ ಹೊತ್ತು ನೋಡಿಕೊಂಡು ವಾಸಪ್ಪ ಬರತೊಡಗಿದ. ಎರಡು ಸಲ ಅವಳು ಹೇಳಿದ ಕುದುರೆಯೇ ಗೆದ್ದಿತು. ತನ್ನ ಅಂಕ ಸರಿ ಎಂಬ ಹಿಗ್ಗು ಒಂದು ಕಡೆ, ಗಂಡನಿಗೆ ಮುಚ್ಚಿಟ್ಟ ಕಳವಳ ಇನ್ನೊಂದು ಕಡೆ. ಎಂಬತ್ತೊಂದರ ಫೆಬ್ರವರಿಯಲ್ಲಿ ನೀಲೋಫರ್ ಎಂಬ ಹೆಣ್ಣು ಕುದುರೆಗೆ ನೂರಾಮೂರು ಬಂತು. ಆ ವಾರದ ಓಟದಲ್ಲಿ ಅದರ ಜೊತೆ ಓಡಲಿದ್ದ ಬೇರೆ ಯಾವುದೂ ತೊಂಬತ್ತೇಳು ದಾಟಿರಲಿಲ್ಲ.

"ಹಂಗಾದ್ರೆ ಶುಕ್ರವಾರ ಬೆಂಗಳೂರಿಗೆ ಹೋಗಿ ಈ ಸಲ ಕೈ ಬಿಚ್ಚಿ ಆಡೋದೇ ಮಾರಾಯ್ತಿ" ಎಂದು ವಾಸಪ್ಪ ಹೊರಟ.

ಶುಕ್ರವಾರ ಮಧ್ಯಾಹ್ನ ಎಸ್ಟೇಟಿನಿಂದ ಬಂದ ರದ್ದಿ ಬಿಚ್ಚಿದಾಗ ಒಂದು ಇಂಗ್ಲಿಷ್ ಪೇಪರು ಸಿಕ್ಕಿತು. ನೀಲೋಫರಿನ ಹಿಂದಿನ ಗೆಲುವನ್ನು ಅವಳು ಕನ್ನಡ ಪೇಪರಿನಿಂದ ಬರೆದುಕೊಂಡಿದ್ದಳು: ಒಂದು ನಿಮಿಷ ಹದಿಮೂರು ಸೆಕೆಂಡು. ಅದೇ ಓಟಕ್ಕೆ ಈ ಇಂಗ್ಲಿಷ್ ಪೇಪರಿನಲ್ಲಿ ಒಂದು ನಿಮಿಷ ಹದಿನೆಂಟು ಎಂದಿತ್ತು. ಮೂರೋ ಎಂಟೋ! ಎಂಟಾದರೆ ಇಪ್ಪತ್ತೈದು ಅಂಕ ಬಿದ್ದುಹೋಯಿತು. ನೀಲೋಫರ್ ಎಲ್ಲಕ್ಕಿಂತ ಕೊನೆ. ಇಂಗ್ಲಿಷಿನದೇ ಸರಿ ಇದ್ದೀತು ಎಂದು ಅವಳಿಗೆ ಅನ್ನಿಸಿಬಿಟ್ಟಿತು.

ಬಸ್‌ಸ್ಟ್ಯಾಂಡಿಗೆ ಓಡಿದಳು. ವಾಸಪ್ಪ ಹತ್ತಿದ ಬೆಂಗಳೂರಿನ ಬಸ್ಸು ಆಗಲೇ ಹೊರಟಿತ್ತು. ನರಸಿಂಹರಾಜಪುರದಲ್ಲಿ ಊಟಕ್ಕೆ ನಿಲ್ಲುತ್ತದೆ. ಅಲ್ಲಿ ಗಫೂರನ ಅಣ್ಣ ಜಲಾಲುದ್ದೀನನ ಸೈಕಲ್ ಅಂಗಡಿಯಿದೆ, ಫೋನಿದೆ. ನಂಬರು ಗೊತ್ತಿರುವುದು ಗಫೂರನಿಗೆ ಮಾತ್ರ, ಗಫೂರ್ ಜುಮ್ಮಾ ನಮಾಜಿನಲ್ಲಿದ್ದಾನೆ. ಮಸೀದಿಯ ಎದುರಿನ ಮರದ ಕೆಳಗೆ ಅವಳು ನಿಂತಳು, ನಡೆದಳು, ಮತ್ತೆ ನಿಂತಳು. ಹೋಗಿಬರುವವರೆಲ್ಲ ನೋಡುತ್ತಿದ್ದರು.

ಹೊರಗೆ ಬಂದ ಗಫೂರ್ ಹೆಂಡತಿಯನ್ನು ಕಂಡು ಗಾಬರಿಯಾದ. ಅವಳು ಬೀದಿಯಲ್ಲೇ ಎಲ್ಲವನ್ನೂ ಹೇಳಿದಳು. ಅವನ ಮುಖ ಕಪ್ಪಿಟ್ಟಿತು.

"ನೀನು ಆಡಿಲ್ಲ ಸರಿ. ಆಡೋನಿಗೆ ದಾರಿ ತೋರ್ಸಿದೀಯಲ್ಲ?"

"ಬೈಯೋದು ಆಮೇಲೆ ಬೈರಿ. ಈಗ ಫೋನ್ ಮಾಡಿ."

ಅವನು ಪೋಸ್ಟಾಫೀಸಿನತ್ತ ದಾಪುಗಾಲು ಹಾಕಿದ. ಗುಮಾಸ್ತ ಪರಮಶಿವಯ್ಯ ಅರ್ಜೆಂಟ್ ಕಾಲ್ ಹಾಕಿಸಿದರು. ಲೈನು ಸಿಕ್ಕಾಗ ಎರಡು ಗಂಟೆ ದಾಟಿತ್ತು. ಗಫೂರ್ ಕೂಗಿ ಹೇಳಿದ: "ವಾಸಪ್ಪನೋರಿಗೆ ಹೇಳು, ಆ ಕುದುರೆ ಬೇಡ್ವಂತೆ!" ಪೋಸ್ಟಾಫೀಸಿಗೆಲ್ಲ ಕೇಳಿಸಿತು.

ಮಂಗಳವಾರ ವಾಸಪ್ಪ ನಗುತ್ತ ಅಂಗಡಿಗೆ ಬಂದು ಗಫೂರನ ಮುಂದೆ ಹಲ್ವದ ಡಬ್ಬ ಇಟ್ಟ.

"ನಿಮ್ಮಣ್ಣ ಬಸ್ಸಿನ ಹತ್ರ ಬಂದು ಹೇಳಿದ್ರು. ನೀವು ಹೆಂಡ್ತಿಗೆ ಬೈದಿರ್ಬೇಕು, ಅದ್ಕೇ ಬೇಡ ಅಂತಿದಾಳೆ ಅಂದ್ಕೊಂಡೆ. ಮೊದ್ಲು ಹೇಳಿದ್ದೇ ಆಡ್ದೆ. ನೀಲೋಫರ್ ಗೆದ್ದೇಬಿಡ್ತು ಸಾಬ್ರೆ!"

ಮಜೀದಾ ಹೊರಗೆ ಬಂದಳು. "ಟೈಮೆಷ್ಟು?"

"ಯಾವ ಟೈಮು?"

"ಕುದುರೆ ಓಡಿದ ಟೈಮು."

"ಅದ್ಯಾರು ನೋಡ್ತಾರೆ ಮಾರಾಯ್ತಿ, ಗೆದ್ದಿತಲ್ಲ!"

"ನಿಮಗೆ ಗೆದ್ರೆ ಸಾಕು ವಾಸಪ್ಪಣ್ಣ. ನಂಗೆ ಸಾಕಾಗಲ್ಲ. ಇನ್ನು ನನ್ನ ಕೇಳ್ಬೇಡಿ."

ಗಫೂರ್ ಡಬ್ಬವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ವಾಸಪ್ಪ ಪೆಚ್ಚಾಗಿ ಹೊರಟ.

ತಪ್ಪು ಅಂಕದ ಕುದುರೆ ಗೆದ್ದದ್ದು ಹೇಗೆ? ಅವಳಿಗೆ ಅನ್ನ ಸೇರಲಿಲ್ಲ. ನೋಟ್‌ಬುಕ್ಕುಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಕೂತಳು. ಆ ಹಳೆಯ ಓಟದಲ್ಲಿ ಎರಡನೆಯದಾಗಿ ಬಂದ ಕುದುರೆ ನೀಲೋಫರಿಗಿಂತ ಅರ್ಧ ಮೈಯಷ್ಟೇ ಹಿಂದಿತ್ತು. ಅದೇ ಕುದುರೆ ಅದಕ್ಕೆ ಹದಿನೈದು ದಿನ ಮೊದಲೂ ಆಮೇಲೂ ಅಷ್ಟೇ ದೂರವನ್ನು ಒಂದು ನಿಮಿಷ ಹದಿನಾಲ್ಕು ಸೆಕೆಂಡಿನ ಆಸುಪಾಸಿನಲ್ಲೇ ಓಡಿತ್ತು. ಒಣ ನೆಲದಲ್ಲಿ, ಅದೊಂದೇ ಓಟದಲ್ಲಿ, ಎಲ್ಲ ಕುದುರೆಗಳೂ ಕೂಡಿ ಐದು ಸೆಕೆಂಡು ತಡವಾಗುವುದುಂಟೇ? ತಪ್ಪು ಮುದ್ರಿಸಿದ್ದು ಇಂಗ್ಲಿಷ್ ಪೇಪರು.

"ಹಂಗಾದ್ರೆ ನಿನ್ನ ಮೊದಲ್ನೇ ಲೆಕ್ಕವೇ ಸರಿ ಇತ್ತು?" ಬಾಗಿಲಲ್ಲಿ ನಿಂತ ಗಫೂರ್ ಕೇಳಿದ.

"ಸರಿ ಇತ್ತು. ಅಚ್ಚಾದದ್ದನ್ನ ನಂಬಿದೆ, ನನ್ನ ಲೆಕ್ಕಾನೇ ನಂಬ್ಲಿಲ್ಲ. ಹತ್ತು ನಿಮಿಷ ಕೂತಿದ್ರೆ ತಿಳೀತಿತ್ತು." ಅವಳು ನೋಟ್‌ಬುಕ್ ಪಕ್ಕಕ್ಕೆ ಸರಿಸಿದಳು. "ನಿಮ್ಮನ್ನ ಊರ ಮುಂದೆ ಕೂಗೋ ಹಂಗೆ ಮಾಡ್ದೆ."

ಗಫೂರ್ ಅಂಗಡಿಗೆ ಹೋಗಿ, ಅಂದು ಬಂದ, ರೇಸಿನ ಫಲಿತಾಂಶವಿದ್ದ ಪೇಪರನ್ನು ತಂದು ಅವಳ ಪಕ್ಕದಲ್ಲಿ ಕೂತ.

"ಇನ್ನು ಯಾರಿಗೂ ಕುದುರೆ ಹೇಳಲ್ಲ ಅಂದ್ರೆ ಓದ್ತೀನಿ. ಬರ್ಕೋ."

"ಹೇಳಲ್ಲ."

ಅವನು ಓದಿದ. ನೀಲೋಫರ್ ಈ ಸಲವೂ ಒಂದು ನಿಮಿಷ ಹದಿಮೂರು ಸೆಕೆಂಡು. ಭಾರ ಮಾತ್ರ ಹಿಂದಿನದಕ್ಕಿಂತ ನಾಲ್ಕು ಕಿಲೋ ಹೆಚ್ಚು.

ಮಜೀದಾಳ ಪೆನ್ಸಿಲು ನಿಂತಿತು. ನಾಲ್ಕು ಕಿಲೋ ಹೆಚ್ಚು ಹೊತ್ತೂ ಅಷ್ಟೇ ಹೊತ್ತಿನಲ್ಲಿ ಓಡಿತೇ? ಕುದುರೆಯೇ ಸುಧಾರಿಸಿತೋ, ಇಲ್ಲ ಕಿಲೋಗೆ ಒಂದು ಅಂಕ ಎಂದು ತಾನು ಹಿಡಿದದ್ದೇ ಹೆಚ್ಚಾಯಿತೋ? ಹೆಚ್ಚಾಗಿದ್ದರೆ ಮೂರು ನೋಟ್‌ಬುಕ್ಕಿನ ಒಂದೊಂದು ಅಂಕವೂ ಬದಲಾಗಬೇಕು.

"ಮುಂದೆ ಓದ್ಲಾ?" ಎಂದ ಗಫೂರ್.

"ತಡೀರಿ" ಎಂದು ಅವಳು ಮೊದಲ ನೋಟ್‌ಬುಕ್ಕನ್ನು ಎಳೆದುಕೊಂಡು, ಮೊದಲ ಪುಟದ ಮೊದಲ ಕುದುರೆಯ ಭಾರದ ಕೆಳಗೆ ಗೆರೆ ಹಾಕಿದಳು.