ಸಾವಿರ ರೂಪಾಯಿಯ ಸೋರೆಕಾಯಿ

ಈಳಿಗೆಮಣೆಯ ಮೇಲೆ ಸೋರೆಕಾಯಿ ಚಕ್ಕನೆ ಎರಡಾದ ಸದ್ದು, ನೋಡ್ಕೊಳ್ಳಿ ಸ್ವಾಮಿ, ಕಣ್ಣು ಬಿಟ್ಟು ನೋಡ್ಕೊಳ್ಳಿ, ನೀವು ಎಷ್ಟೋ ಮಾರ್ಕೆಟ್ ಸುತ್ತಿರಬಹುದು, ಒಂದು ಸೋರೆಕಾಯನ್ನು ಒಂದೇ ಕೂಗಿಗೆ ಸಾವಿರಕ್ಕೆ ಏರಿಸಿದ ಗಂಡನ್ನು ಕಂಡಿದ್ದೀರಾ, ಕಂಡಿರಲ್ಲ, ಆ ಗಂಡು ಕೋಣನಕುಂಟೆಯ ಈ ಶೀಟಿನ ಮನೆಯಲ್ಲಿ ಗೋಡೆಗೊರಗಿ ಕೂತಿದ್ದಾನೆ, ಹೆಸರು ಕೈಲಾಸ್, ಅವನು ಎಂಟ್ರಿ ಕೊಟ್ಟರೆ ಫ್ಯಾನೂ ವಿಷಲ್ ಹೊಡೆಯಬೇಕು — ಫ್ಯಾನು ಕೆಟ್ಟು ಎರಡು ತಿಂಗಳಾಯಿತು, ಅದು ಬೇರೆ ಮಾತು. ಅಮ್ಮ ಹಾಡುತ್ತಿದ್ದಾಳೆ, ಬೆಳಿಗ್ಗೆ ಚರ್ಚಿನಲ್ಲಿ ಹಾಡಿದ ಅದೇ ಕೀರ್ತನೆ, ಹೋಳುಗಳನ್ನು ಕಣ್ಣಿನಿಂದಲ್ಲ, ಬೆರಳಿನಿಂದ ನೋಡುತ್ತಿದ್ದಾಳೆ, ಆ ತೋರುಬೆರಳು, ಗಾರ್ಮೆಂಟ್ಸಿನಲ್ಲಿ ಮಿಷಿನ್ ಸೂಜಿ ತೂರಿಹೋಗಿ ಉಗುರು ಸೀಳಿ ಎರಡಾಗಿಯೇ ಬೆಳೆದ ಬೆರಳು, ಅದನ್ನು ನೋಡಬೇಡ, ಕೈಲಾಸ್, ಬೇರೆ ಸೀನ್ ಹಾಕು.

ಫ್ಲ್ಯಾಶ್‌ಬ್ಯಾಕ್ ಹಾಕು, ಚರ್ಚಿಗೆ ಸೇರಿದ ಹೊಸದರಲ್ಲಿ ಪಾದ್ರಿ ಅಯ್ಯನೋರು ಕೇಳಿದ್ದರು, ವನಿತಮ್ಮ, ಮಗನ ಹೆಸರು ಬದಲಾಯ್ಸೋಣ್ವಾ, ಅಮ್ಮ ನಕ್ಕಳು, ಬೇಡಿ ಅಯ್ಯನೋರೇ, ಅವರಪ್ಪ ಬಿಟ್ಟೋಗಿದ್ದು ಅದೊಂದೇ, ದೇವರಿಗೇನು ಅಡ್ರೆಸ್ ಕನ್‌ಫ್ಯೂಸ್ ಆಗಲ್ಲ ಬಿಡಿ. ಅವಳು ಹಾಗೇ, ಯುಗಾದಿ ಹೊತ್ತಿಗೆ ಫ್ಯಾಕ್ಟರಿ ಬಾಗಿಲು ಹಾಕಿತು, ಹಾಡಿದಳು, ಅವನ ಡೆಲಿವರಿ ಗಾಡಿಯನ್ನು ಕಂತು ಕಟ್ಟಿಲ್ಲವೆಂದು ಎಳೆದುಕೊಂಡು ಹೋದರು, ಅವತ್ತೂ ಹಾಡಿದಳು, ಅವನಿಗೆ ರೇಗಿತು, ಏನಮ್ಮ ನಿಂದು, ಮನೇಲಿ ಅಕ್ಕಿ ಇಲ್ಲ, ಆರ್ಕೆಸ್ಟ್ರಾ ಬೇರೆ, ಹಾಡಕ್ಕೆ ಯಾರೂ ಬಾಡಿಗೆ ಕೇಳಲ್ಲ ಕಣೋ, ಅಂದಳು. ಜಯನಗರದ ಅಂಗಡಿಯಿಂದ ಸೀರೆ ತಂದು ಫಾಲ್ ಹೊಲಿಯುತ್ತಿದ್ದಳು, ಕನ್ನಡಕ ಒಡೆಯಿತು, ಅದೂ ನಿಂತಿತು, ಸೂಜಿಯ ಕಣ್ಣೇ ಕಾಣದಿದ್ದರೆ ಫಾಲ್ ಎಲ್ಲಿಂದ, ಹೊಸ ಕನ್ನಡಕಕ್ಕೆ ಆರ್ಡರ್ ಕೊಟ್ಟು ನಾಲ್ಕು ವಾರ, ಸಾವಿರ ಕೊಟ್ಟು ಬಿಡಿಸಿಕೊಳ್ಳಬೇಕು, ಐವತ್ತು ನೂರು ಎಂದು ಕೂಡಿಟ್ಟು ಬೈಬಲಿನ ಕವರಿನೊಳಗೆ ಸಿಕ್ಕಿಸಿದ್ದಳು, ಇವತ್ತು ಆರಾಧನೆ ಮುಗಿಸಿ ನೇರ ಫೋರ್ತ್ ಬ್ಲಾಕಿನ ಕನ್ನಡಕದಂಗಡಿಗೆ ಬಸ್ಸು ಹತ್ತುವುದು ಎಂದು ಮಾತಾಗಿತ್ತು.

ಇವತ್ತು ಚರ್ಚಿನಲ್ಲಿ ಸುಗ್ಗಿ ಹಬ್ಬ, ಯಾರ ಮನೆಯಲ್ಲಿ ಏನು ಮೊದಲು ಬೆಳೆದರೂ ದೇವರಿಗೆ ಒಪ್ಪಿಸಿ, ಆಮೇಲೆ ಪೆಂಡಾಲಿನಲ್ಲಿ ಹರಾಜು ಹಾಕುತ್ತಾರೆ, ಬಂದ ದುಡ್ಡು ಚರ್ಚಿಗೆ, ಅಮ್ಮನ ಜಮೀನು ಎಂದರೆ ಪೇಂಟ್ ಬಕೆಟ್ಟು, ಬಳ್ಳಿ ಶೀಟಿನ ಮೇಲೆ ಹಬ್ಬಿ ಬಿಟ್ಟಿದ್ದು ಒಂದೇ ಕಾಯಿ, ಮೂರು ದಿನದಿಂದ ಬರೀ ಅನ್ನ ಉಪ್ಪಿನಕಾಯಿ ತಿಂದವನ ಕಣ್ಣೆದುರು ಆ ಕಾಯಿ, ಅಮ್ಮ, ಇದನ್ನ ಸಾರು ಮಾಡಮ್ಮ, ಪ್ರಥಮ ಫಲ ಕಣೋ, ಕೈ ಹಾಕಿದ್ರೆ ನೋಡು, ಮಗುವಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಹೊರಟಳು, ದಾರಿಯುದ್ದಕ್ಕೂ ಅದೇನು ನಗು, ಕಾಲಿಗೆ ಚಪ್ಪಲಿ ಒಂದು ಕಡೆ ಕಿತ್ತಿದೆ, ನಗು ಮಾತ್ರ ಫಸ್ಟ್ ಡೇ ಫಸ್ಟ್ ಶೋ. ಆಗಲೇ ಅವನು ಮನಸ್ಸಿನಲ್ಲೇ ಡೈಲಾಗ್ ಹೊಡೆದಿದ್ದು, ಈ ಕಾಯಿ ಇಪ್ಪತ್ತು ರೂಪಾಯಿಗೆ ಹೋದ್ರೆ ನಾನು ನಿನ್ನ ಮಗನೇ ಅಲ್ಲಮ್ಮ.

ಅವನಿಗೊಂದು ವಿದ್ಯೆಯಿದೆ, ಯಾರ ಗಂಟಲನ್ನಾದರೂ ಎತ್ತಿಕೊಳ್ಳುತ್ತಾನೆ, ಹೋದ ವರ್ಷ ಪೆಂಡಾಲಿನ ಹಿಂದೆ ನಿಂತು ಬಸಪ್ಪನವರ ದನಿಯಲ್ಲಿ ಕೂಗಿ ಕೂಗಿ ಒಂದು ಹುಂಜವನ್ನು ಎರಡು ಸಾವಿರಕ್ಕೆ ಏರಿಸಿದ್ದ, ಬಸಪ್ಪನವರಿಗೆ ಎಂಟು ಬಾಡಿಗೆ ಮನೆ, ಪಕ್ಕದ ಕುರ್ಚಿಯ ಸುಭಾಷ್ ಅಂಕಲ್‌ಗೆ ಹತ್ತು, ಒಬ್ಬರು ಕೂಗಿದರೆ ಇನ್ನೊಬ್ಬರು ಬಿಡುವವರಲ್ಲ. ಇವತ್ತು ಹರಾಜು ನಡೆಸುತ್ತಿದ್ದ ಕರಿಬಸವಯ್ಯ ತಾತ ಕಾಯಿ ಎತ್ತಿ, ವನಿತಮ್ಮೋರ ಸೋರೆಕಾಯಿ, ಯಾರ್ರಪ್ಪಾ, ಎಂದರು, ಹತ್ತು, ಹದಿನೈದು, ಯಾರೋ ಆಕಳಿಸಿದರು, ಅವನು ಪೆಂಡಾಲಿನ ಬಟ್ಟೆಯ ಹಿಂದಿನಿಂದ ಬಸಪ್ಪನವರ ಕಫದ ದನಿಯಲ್ಲಿ ಒಂದೇ ಏಟಿಗೆ — ಸಾವಿರ! ಈಗ ಸುಭಾಷ್ ಅಂಕಲ್ ಸಾವಿರದ ನೂರು ಅನ್ನಬೇಕು, ಅನ್ನಲಿಲ್ಲ, ಎಲ್ಲರೂ ಬಸಪ್ಪನವರ ಕುರ್ಚಿ ನೋಡಿದರು, ಕುರ್ಚಿ ಖಾಲಿ, ಬಸಪ್ಪನವರು ಯಾರದೋ ಗಾಡಿಗೆ ದಾರಿ ಬಿಡಲು ಕಾರು ತೆಗೆಯಲು ಹೋಗಿದ್ದರು, ಕೂಗುವ ಮುಂಚೆ ಇಣುಕಿ ನೋಡಬಾರದಿತ್ತಾ, ಹೀರೋ, ನೋಡಬಾರದಿತ್ತಾ.

ಯಾರು ಕೂಗಿದ್ದು, ಎಂದರು ತಾತ, ದೇವರ ಪದಾರ್ಥದ ಜೊತೆ ಹುಡುಗಾಟನಾ, ಯಾವನವನು, ಈಚೆ ಬಾರೋ, ಎಲ್ಲರಿಗೂ ಗೊತ್ತಾಗುವುದು ಇನ್ನೇನು ಒಂದು ಉಸಿರು, ಎಲ್ಲ ಸಿನಿಮಾದಲ್ಲೂ ಹೀರೋ ಮುಂದೆ ಬರುವುದು ಇಲ್ಲೇ, ನಾನೇ ಕಣ್ರೋ ಅನ್ನುವುದು ಇಲ್ಲೇ, ಅವನು ಅಲ್ಲೇ ಕುಕ್ಕರಿಸಿ ಕೂತ, ಬಟ್ಟೆಯ ತೂತಿನಿಂದ ನೋಡಿದ — ಹೆಂಗಸರ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು, ಸೀಳಿದ ಉಗುರಿನ ಬೆರಳು, ನಾನೇ ಕೂಗಿದ್ದು, ವನಿತಮ್ಮಾ, ಅದು ಗಂಡಸಿನ ದನಿಯಲ್ಲವಾ, ಎಂದರು ಅಯ್ಯನೋರು, ಗಂಟಲು ಕಟ್ಟಿತ್ತು ಅಯ್ಯನೋರೇ, ಪೆಂಡಾಲಿಗೆ ಪೆಂಡಾಲೇ ನಕ್ಕಿತು, ಅವಳೂ ನಕ್ಕಳು, ಬೈಬಲಿನ ಕವರಿಗೆ ಕೈ ಹಾಕಿದಳು.

ಬಸ್ ಸ್ಟಾಪು ದಾಟಿಯೇ ಬಂದರು, ನಿಲ್ಲಲಿಲ್ಲ, ಅವನು ಬಾಯಿ ತೆಗೆಯುವ ಮುಂಚೆ ಅವಳೇ, ಪ್ರತಿ ವರ್ಷ ಬೇರೆಯೋರು ಕೊಳ್ಳೋದು ನೋಡ್ತಿದ್ದೆ, ಈ ಸಲ ನಾನೂ ಕೊಂಡೆ ನೋಡೋ, ನಮ್ಮನೆ ಕಾಯಿ ನಮ್ಮನೆಗೇ ಬಂತು, ದೇವರು ಕೊಟ್ಟಿದ್ದು ಈಗ, ತಿನ್ನಬಹುದು, ಎಂದಳು, ನಿಜವಾಗಿಯೂ ಖುಷಿಯಿತ್ತು ಅದರಲ್ಲಿ, ಅದೇ ಅವನನ್ನು ಕೊಲ್ಲುತ್ತಿರುವುದು. ಒಗ್ಗರಣೆ ಚಟಪಟ ಅಂದಿತು, ತಟ್ಟೆ ಬಂತು, ಉಣ್ಣೋ, ಆಮೇಲೆ ಈ ಸೂಜಿಗೊಂದು ದಾರ ಪೋಣಿಸ್ಕೊಡು, ಒಂದು ಸೀರೆಯಾದ್ರೂ ತಡವಿಕೊಂಡೇ ಹೊಲೀತೀನಿ, ಸಾವಿರಕ್ಕೆ ಏರಿಸಿದ ಗಂಡು ತಟ್ಟೆ ನೋಡುತ್ತಾನೆ, ಏರಿಸಲಿಲ್ಲ ಸ್ವಾಮಿ, ಬಟ್ಟೆಯ ಹಿಂದೆ ಬಚ್ಚಿಟ್ಟುಕೊಂಡಿದ್ದ, ಅಷ್ಟೇ, ಅಮ್ಮನ ಕಣ್ಣು ಮಾರಿದ, ಈಚೆ ಬರಲಿಲ್ಲ, ಅವಳು ಸೂಜಿ ಚಾಚಿದ್ದಾಳೆ, ದಾರ ತೂತಿಗೆ ಹೋಗುತ್ತಿಲ್ಲ, ಅವನಿಗೂ ಕಾಣುತ್ತಿಲ್ಲ, ಎಲ್ಲ ಮಂಜು, ಮಂಜಿನಲ್ಲಿ ಒಂದು ಕೈ ಮೇಲೇಳುತ್ತಿದೆ, ಸೀಳಿದ ಉಗುರು, ನಾನೇ ಕೂಗಿದ್ದು, ಮೇಲೆದ್ದ ಕೈ, ಸೀಳಿದ ಉಗುರು —